ಮನೆ ಕಂದಾಯದ ನೋಟಿಸ್ ಓದಿ ಹೇಳೋಕೆ ಶುರು ಮಾಡಿದ್ಮೇಲೆ

ನಾನು ಗ್ರಾಮ ಪಂಚಾಯ್ತಿ ಬಿಲ್ ಕಲೆಕ್ಟರ್. ವಸೂಲಿಗೆ ಹೋದ್ರೆ ಎಲ್ಲಾ ಮನೇಲೂ ಒಂದೇ ಪ್ರಶ್ನೆ, "ಕಟ್ಟಿದ್ ದುಡ್ಡು ಎಲ್ಲಿಗೆ ಹೋಗುತ್ತೆ ಹೇಳು ನೋಡೋಣ". ಕೇಳೋದು ನ್ಯಾಯವೇ, ಅವ್ರ ದುಡ್ಡು ಅದು. ಅದಕ್ಕೇ ಡಿಮ್ಯಾಂಡ್ ನೋಟಿಸ್ ಕೊಟ್ಟು ಎದ್ದು ಬರೋ ಬದ್ಲು ಜಗಲಿ ಮೇಲೆ ಕೂತು ಒಂದೊಂದು ಸಾಲೂ ಓದಿ ಹೇಳೋ ಅಭ್ಯಾಸ ಮಾಡ್ಕೊಂಡೆ.

ಕಂದಾಯದ ಮೇಲೆ ನೂರಕ್ಕೆ 15 ಆರೋಗ್ಯ ಕರ, 6 ಗ್ರಂಥಾಲಯ ಕರ, 3 ಭಿಕ್ಷುಕರ ಕರ ಅಂತೆಲ್ಲಾ ಸೆಸ್, ಅಂದ್ರೆ ಉಪಕರ, ಬೀಳುತ್ತೆ, ಅದು ಆಯಾ ಬಾಬ್ತಿಗೇ ಹೋಗ್ಬೇಕು, ಅಂದ್ರೆ ಸಾವಿರ ಕಂದಾಯ ಇರೋ ಮನೆಯಿಂದ ಲೈಬ್ರರಿಗೆ 60 ರೂಪಾಯಿ. ಮೂಲ ಕಂದಾಯ ಪೂರ್ತಿ ನಮ್ ಪಂಚಾಯ್ತೀಲೇ ಉಳಿಯುತ್ತೆ. ಇದೇ ಬಹಳ ಜನಕ್ಕೆ ಗೊತ್ತಿಲ್ಲ, ಎಲ್ಲಾ ಬೆಂಗ್ಳೂರಿಗೆ ಹೋಗುತ್ತೆ ಅನ್ಕೊಂಡಿರ್ತಾರೆ. ಬೀದಿ ದೀಪ, ಚರಂಡಿ ಹೂಳು, ಬೋರ್‌ವೆಲ್ ಮೋಟ್ರು ಸುಟ್ರೆ ಅದ್ರ ರಿವೈಂಡಿಂಗು ಇಂಥದ್ದಕ್ಕೆಲ್ಲ ಕೈಗೆ ಸಿಗೋದು ಈ ದುಡ್ಡೇ, ಯಾಕಂದ್ರೆ ಸರ್ಕಾರದ ಅನುದಾನ ಬಂದ್ರೂ ಇದಕ್ಕೇ ಖರ್ಚು ಮಾಡಿ ಅಂತ ಷರತ್ತು ಇರುತ್ತೆ, ಬೇಸಿಗೇಲಿ ಊರಿಗೆ ನೀರಿಲ್ಲ ಅಂದಾಗ ಅದನ್ನ ಕಾಯ್ತಾ ಕೂರೋಕಾಗಲ್ಲ. ಸ್ವಂತ ಆದಾಯದಲ್ಲಿ ನೂರಕ್ಕೆ 25 ಎಸ್‌ಸಿ ಎಸ್‌ಟಿ ಜನರ ಕೆಲಸಕ್ಕೇ ಮೀಸಲು, ಅದನ್ನೂ ಹೇಳ್ತೀನಿ.

ಶಾಲೆ ವಿಷ್ಯ ಬಂದ್ರೆ ಇದ್ದದ್ದು ಇದ್ದ ಹಾಗೇ ಹೇಳ್ಬೇಕು. ಮೇಷ್ಟ್ರ ಸಂಬಳ ರಾಜ್ಯ ಸರ್ಕಾರದ್ದು, ಮನೆ ಕಂದಾಯದ್ದಲ್ಲ. ಆದ್ರೆ ಶಾಲೆ ನಲ್ಲಿ, ಟಾಯ್ಲೆಟ್ ರಿಪೇರಿ, ಶಾಲೆ ಮುಂದಿನ ಚರಂಡಿ ಇವು ಪಂಚಾಯ್ತಿ ಬಾಗ್ಲಿಗೇ ಬರೋದು. ಒಬ್ರು ಯಜಮಾನ್ರು "ನಮ್ಮನೇಲಿ ಶಾಲೆಗೆ ಹೋಗೋರೇ ಇಲ್ಲ, ನಾನ್ಯಾಕಪ್ಪ ಕಟ್ಲಿ" ಅಂದ್ರು. "ಯಜಮಾನ್ರೇ, ನಿಮ್ ಮೊಮ್ಮಗಳು ದಿನಾ ಸಂಜೆ ಲೈಬ್ರರೀಲಿ ಕೂತು ಎಫ್‌ಡಿಎ ಪರೀಕ್ಷೆಗೆ ಓದ್ತಾಳಲ್ಲ, ಈ ಸಾಲು ನೋಡಿ, ಅದ್ರದ್ದೇ" ಅಂತ ಬೆರಳಿಟ್ಟು ತೋರ್ಸಿದೆ. ಕನ್ನಡಕ ತರ್ಸಿ ಓದಿದ್ರು, ಹಳೇ ಬಾಕಿ ಸೇರ್ಸಿ ಕಟ್ಟಿದ್ರು. ಹಳ್ಳಿ ಲೈಬ್ರರಿಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದ್ಮೇಲೆ ಅರಿವು ಕೇಂದ್ರ ಆಗಿವೆ, ಹೊಸ ಪುಸ್ತಕ, ಪೇಪರ್ರು, ಕಂಪ್ಯೂಟ್ರು ಅಂದ್ರೆ ವಸೂಲಿ ಚೆನ್ನಾಗಿರ್ಲೇಬೇಕು.

ಎಲ್ರೂ ಕಟ್ಬಿಡ್ತಾರೆ ಅಂತೇನಿಲ್ಲ, ಬೀಗ ಹಾಕಿರೋ ಮನೆಗಳ ಬಾಕಿ ಹಾಗೇ ಇದೆ. ಕಟ್ಟೋರು ಮಾತ್ರ ರಸೀದಿ ಇಲ್ದೆ ದುಡ್ಡು ಕೊಡ್ಬೇಡಿ, ನನಗಾದ್ರೂ ಸರಿ. ಜಮಾಬಂದಿ ದಿನ, ಅಂದ್ರೆ ಪಂಚಾಯ್ತಿ ಲೆಕ್ಕ ಜನರ ಮುಂದೆ ಇಡೋ ದಿನ, ಆ ರಸೀದಿ ಹಿಡ್ಕೊಂಡು ಬನ್ನಿ, ಗ್ರಂಥಾಲಯ ಕರ ಎಷ್ಟು ಬಂತು ಎಷ್ಟು ಖರ್ಚಾಯ್ತು ಅಂತ ಪಂಚಾಯ್ತಿ ಅಧಿಕಾರಿ ಪಿಡಿಒ ಸಾಹೇಬ್ರನ್ನ ಎಲ್ರ ಮುಂದೇನೇ ಕೇಳಿ, ಲೆಕ್ಕದ ಪುಸ್ತಕ ಅವತ್ತು ಮೇಜಿನ ಮೇಲೇ ಇರುತ್ತೆ.