ಎಡಗಣ್ಣಿಗೊಂದು ಚಿತ್ರ, ಬಲಗಣ್ಣಿಗೊಂದು ಚಿತ್ರ: ತ್ರೀಡಿ ಕಲಿತ ನನ್ನ ಅನುಭವ

ಎಲೆ ಉದುರಿದ ಮುಳ್ಳುಪೊದೆಯ ಫೋಟೋ ಒಂದು ನನ್ನ ಹತ್ತಿರ ಇದೆ. ಸುಮ್ನೆ ನೋಡಿದರೆ ಬರೀ ಗೀಚು. ಯಾವ ಕಡ್ಡಿ ಮುಂದಿದೆ, ಯಾವುದು ಹಿಂದಿದೆ, ಒಂದೂ ತಿಳಿಯುವುದಿಲ್ಲ. ಅದೇ ಪೊದೆಯನ್ನು ಕ್ಯಾಮೆರಾ ಸ್ವಲ್ಪ ಪಕ್ಕಕ್ಕೆ ಸರಿಸಿ ಇನ್ನೊಂದು ಸಲ ತೆಗೆದೆ. ಎರಡನ್ನೂ ಜೋಡಿಯಾಗಿ ನೋಡಿದಾಗ ಗೋಜಲು ತಾನೇ ಬಿಡಿಸಿಕೊಂಡಿತು. ಒಂದೊಂದು ಕಡ್ಡಿಯೂ ತನ್ನ ಜಾಗದಲ್ಲಿ ಹೋಗಿ ನಿಂತಿತು. ಎರಡು ಕಡ್ಡಿಗಳ ನಡುವೆ ಜೇಡರ ಬಲೆಯ ಒಂದೇ ಒಂದು ಎಳೆ ತೂಗುತ್ತಿತ್ತು. ಅಷ್ಟು ಹೊತ್ತು ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಅವತ್ತಿನಿಂದ ಈ ಹುಚ್ಚು ಬಿಟ್ಟಿಲ್ಲ.

ಇದರ ಗುಟ್ಟು ತುಂಬಾ ಸರಳ. ದೊಡ್ಡವರ ಎರಡು ಕಣ್ಣುಗಳ ನಡುವೆ ಸುಮಾರು 63 ಮಿಲಿಮೀಟರ್ ಅಂತರ ಇರುತ್ತದೆ. ಅದರಿಂದ ಎರಡಕ್ಕೂ ಕಾಣುವ ನೋಟ ಚೂರು ಬೇರೆ. ಮುಖದ ಮುಂದೆ ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಆ ಕಡೆ ಈ ಕಡೆ ನೆಗೆಯುತ್ತದೆ, ಹಿಂದಿನ ಗೋಡೆ ಅಷ್ಟಾಗಿ ಅಲ್ಲಾಡುವುದಿಲ್ಲ. ಈ ನೆಗೆತದಿಂದಲೇ ಮಿದುಳು ದೂರವನ್ನು ಲೆಕ್ಕ ಹಾಕುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್ ಇದನ್ನು 1838ರಲ್ಲೇ ತೋರಿಸಿಕೊಟ್ಟರು. ಆಗ ಫೋಟೋಗ್ರಫಿ ಇನ್ನೂ ಜನರ ಕೈಗೆ ಬಂದಿರಲಿಲ್ಲ. ಅವರು ಕೈಯಲ್ಲಿ ಬರೆದ ಎರಡು ಗೆರೆಚಿತ್ರಗಳನ್ನು ಎರಡು ಕನ್ನಡಿಗಳ ಮೂಲಕ ಒಂದೊಂದು ಕಣ್ಣಿಗೆ ತೋರಿಸಿದರು. ಆಮೇಲೆ ಬಂದ ತ್ರೀಡಿ ಸಾಧನಗಳೂ ಮಾಡುವುದು ಅದೇ ಒಂದು ಕೆಲಸ: ಎಡಗಣ್ಣಿನ ಚಿತ್ರ ಎಡಗಣ್ಣಿಗೆ, ಬಲಗಣ್ಣಿನದು ಬಲಗಣ್ಣಿಗೆ ಮಾತ್ರ.

ನಾನು ಶುರು ಮಾಡಿದ್ದು ಒಂದೇ ಕ್ಯಾಮೆರಾದಿಂದ. ಭಾರವನ್ನು ಎಡಗಾಲಿನ ಮೇಲೆ ಹಾಕಿ ಒಂದು ಫೋಟೋ, ಬಲಗಾಲಿಗೆ ಹಾಕಿ ಇನ್ನೊಂದು. ಕಲ್ಲು, ಮರದ ಬುಡ, ಹಳೇ ಬೀಗ, ಹೀಗೆ ಅಲ್ಲಾಡದ ವಸ್ತುಗಳಿಗೆ ಇದು ಧಾರಾಳ ಸಾಕು. ಗಾಳಿಗೆ ಒಂದು ಎಲೆ ಅಲ್ಲಾಡಿದರೂ ಆ ಎಲೆ ಮಾತ್ರ ಜಾಗ ತಪ್ಪಿ ತೇಲುತ್ತದೆ, ನೋಡುವವರ ಕಣ್ಣು ಅಲ್ಲೇ ತಡವರಿಸುತ್ತದೆ.

ಎಷ್ಟು ಸರಿಸಬೇಕು ಅನ್ನುವುದಕ್ಕೆ ಸ್ಟೀರಿಯೋ ಫೋಟೋ, ಅಂದರೆ ಇಂಥ ಜೋಡಿ ಚಿತ್ರ ತೆಗೆಯುವವರಲ್ಲಿ ಒಂದು ಲೆಕ್ಕ ಇದೆ. ಹತ್ತಿರದ ವಸ್ತು ಎಷ್ಟು ದೂರದಲ್ಲಿದೆಯೋ ಅದರ ಮೂವತ್ತರಲ್ಲಿ ಒಂದು ಪಾಲು. 3 ಮೀಟರ್ ದೂರದ ಕಲ್ಲಿಗೆ 10 ಸೆಂಟಿಮೀಟರ್. 6 ಸೆಂಟಿಮೀಟರ್ ದೂರದ ಬೀಜಕ್ಕೆ ಬರೀ 2 ಮಿಲಿಮೀಟರ್! ಇದು ಗೊತ್ತಿಲ್ಲದೆ ನಾನು ಚಿಕ್ಕ ಹೂವುಗಳಿಗೂ ಒಂದು ಹೆಜ್ಜೆ ಸರಿದು ಫೋಟೋ ತೆಗೆಯುತ್ತಿದ್ದೆ. ಎರಡು ಚಿತ್ರ ಕೂಡುತ್ತಲೇ ಇರಲಿಲ್ಲ. ಹೂವು ಎರಡೆರಡಾಗಿ ಕಾಣುತ್ತಿತ್ತು.

ಅದಕ್ಕಿಂತ ಜಾಸ್ತಿ ಕಾಡಿದ್ದು ಎತ್ತರದ ವ್ಯತ್ಯಾಸ. ಕಣ್ಣುಗಳು ಒಳಕ್ಕೆ ತಿರುಗಲು ಒಗ್ಗಿಕೊಂಡಿವೆ. ಒಂದು ಮೇಲೆ, ಒಂದು ಕೆಳಗೆ ನೋಡು ಅಂದರೆ ಪಾಪ, ಅವು ಏನು ಮಾಡಬೇಕು? ಎರಡನೇ ಫೋಟೋ ತೆಗೆಯುವಾಗ ಕ್ಯಾಮೆರಾ ಒಂದಿಷ್ಟು ಕೆಳಗೆ ಹೋದರೂ ನೋಡುವವರಿಗೆ ಹಣೆ ಹಿಂಡಿದ ಹಾಗಾಗುತ್ತದೆ. ಏಕೆ ಎಂದು ಅವರಿಗೆ ತಿಳಿಯುವುದಿಲ್ಲ. ತ್ರೀಡಿ ನೋಡಿದರೆ ತಲೆನೋವು ಅನ್ನುತ್ತಾರೆ, ಅಷ್ಟೇ. ಈಗ ನಾನು ಪ್ರತಿ ಜೋಡಿಯನ್ನೂ ಸ್ಟೀರಿಯೋ ಫೋಟೋ ಮೇಕರ್ ಅನ್ನುವ ಉಚಿತ ತಂತ್ರಾಂಶದಲ್ಲಿ ಹಾಕಿ ಎತ್ತರ, ಓರೆ, ಗಾತ್ರ ಮೂರನ್ನೂ ಸರಿ ಮಾಡಿಯೇ ಹೊರಗೆ ಬಿಡುತ್ತೇನೆ. ಎಡ ಬಲ ಅದಲು ಬದಲು ಆಗಿದೆಯಾ ಅನ್ನುವುದನ್ನೂ ಅಲ್ಲೇ ನೋಡುತ್ತೇನೆ. ಬಲಗಣ್ಣಿನ ಚಿತ್ರದಲ್ಲಿ ಹತ್ತಿರದ ವಸ್ತು ಹಿನ್ನೆಲೆಗಿಂತ ಎಡಕ್ಕೆ ಸರಿದಿರಬೇಕು. ಅದಲು ಬದಲಾದರೆ ಗುಂಡಿ ದಿಬ್ಬವಾಗುತ್ತದೆ, ದಿಬ್ಬ ಗುಂಡಿಯಾಗುತ್ತದೆ.

ತೋರಿಸುವುದಕ್ಕೆ ಮೊದಲು ಹಿಡಿದ ದಾರಿ ಕೆಂಪು-ನೀಲಿ ಕನ್ನಡಕ. ಎಡಗಣ್ಣಿನ ಚಿತ್ರವನ್ನು ಕೆಂಪಿನಲ್ಲಿ, ಬಲಗಣ್ಣಿನದನ್ನು ಹಸಿರು ಬೆರೆತ ನೀಲಿಯಲ್ಲಿ ಒಂದರ ಮೇಲೊಂದು ಹಾಕಿದರೆ ಬಣ್ಣದ ಗಾಜು ಎರಡನ್ನೂ ಬೇರೆ ಮಾಡುತ್ತದೆ. ಕಾಗದದ ಮೇಲೂ ಆಗುತ್ತದೆ, ಮೊಬೈಲ್ ಮೇಲೂ ಆಗುತ್ತದೆ. ಆದರೆ ಕೆಂಪು ಹೂವು ಇಟ್ಟು ನೋಡಿ. ಒಂದು ಕಣ್ಣಿಗೆ ಬೆಳ್ಳಗೆ, ಇನ್ನೊಂದಕ್ಕೆ ಕಪ್ಪಗೆ ಕಾಣುತ್ತದೆ. ಎರಡೂ ಕಣ್ಣು ಜಗಳ ಆಡುತ್ತವೆ, ಹೂವು ಮಿಣಮಿಣ ಅನ್ನುತ್ತದೆ. ಎಡಗಣ್ಣಿನ ಚಿತ್ರವನ್ನು ಮೊದಲು ಕಪ್ಪು-ಬಿಳುಪು ಮಾಡಿಕೊಂಡು ಆಮೇಲೆ ಕೆಂಪಿಗೆ ಹಾಕಿದರೆ ಈ ಮಿಣುಕು ಬಹಳ ಕಡಿಮೆಯಾಗುತ್ತದೆ. ಬಣ್ಣ ಸ್ವಲ್ಪ ಹೋಗುತ್ತದೆ, ಪರವಾಗಿಲ್ಲ.

ಪೂರ್ತಿ ಬಣ್ಣ ಬೇಕು ಅಂತ ಪೋಲರೈಸ್ಡ್ ಬೆಳಕಿಗೆ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕಿಗೆ ಹೋದೆ. ನನಗೆ ಜಾಸ್ತಿ ಪಾಠ ಕಲಿಸಿದ್ದು ಇದೇ. ಎರಡು ಪ್ರೊಜೆಕ್ಟರ್ ಒಂದರ ಮೇಲೊಂದು ಇಟ್ಟು, ಒಂದೊಂದರ ಮುಂದೆಯೂ ಒಂದು ದಿಕ್ಕಿನ ಕಂಪನವನ್ನಷ್ಟೇ ಬಿಡುವ ಪೋಲರೈಸಿಂಗ್ ಫಿಲ್ಟರ್ ಹಿಡಿಯಬೇಕು. ಎರಡೂ ಫಿಲ್ಟರ್‌ಗಳು ಒಂದಕ್ಕೊಂದು ಅಡ್ಡ ಇರಬೇಕು. ಕನ್ನಡಕದಲ್ಲೂ ಅದೇ ಜೋಡಿ. ಎಲ್ಲ ಕಟ್ಟಿ ಬಿಳೀ ಗೋಡೆಯ ಮೇಲೆ ಬಿಟ್ಟೆ. ಆಳವೇ ಇಲ್ಲ! ಎರಡು ಕಣ್ಣಿಗೂ ಎರಡೂ ಚಿತ್ರ ಕಾಣುತ್ತಿತ್ತು. ತಪ್ಪು ಗೋಡೆಯದು. ಸುಣ್ಣ ಬಣ್ಣದ ಗೋಡೆ ಬೆಳಕನ್ನು ಎಲ್ಲ ಕಡೆಗೂ ಚೆದುರಿಸುತ್ತದೆ, ಚೆದುರುವಾಗ ಪೋಲರೈಸೇಶನ್ ಕೆಟ್ಟುಹೋಗುತ್ತದೆ. ಲೋಹದ ಮೈ ಅದನ್ನು ಹಾಗೇ ಉಳಿಸಿ ಕಳಿಸುತ್ತದೆ. ಈ ಬಗೆಯ ತ್ರೀಡಿ ಚಿತ್ರಮಂದಿರಗಳಲ್ಲಿ ಬೆಳ್ಳಿ ಪರದೆ ಹಾಕುವುದು ಇದಕ್ಕೇ. ನಾನು ಒಂದು ಹಲಗೆಗೆ ಅಲ್ಯೂಮಿನಿಯಂ ಬಣ್ಣ ಬಳಿದೆ. ಚಿತ್ರ ಎದ್ದು ನಿಂತಿತು. ಪಕ್ಕದಲ್ಲಿ ಕೂತವರಿಗೆ ಮಾತ್ರ ಮಂಕಾಗಿ ಕಾಣುತ್ತಿತ್ತು. ಲೋಹದ ಪರದೆ ಬೆಳಕನ್ನು ಜಾಸ್ತಿ ನೇರಕ್ಕೇ ಕಳಿಸುತ್ತದಲ್ವಾ, ಅದಕ್ಕೆ.

ಇನ್ನೊಂದು ಒಗಟು ಕಾದಿತ್ತು. ಫಿಲ್ಟರ್ ಅನ್ನು ನೆಟ್ಟಗೆ ಹಿಡಿದರೆ ಪರದೆ ಪೂರ್ತಿ ಹಸಿರು, ಅಡ್ಡ ತಿರುಗಿಸಿದರೆ ನೇರಳೆ. ಪ್ರೊಜೆಕ್ಟರ್ ಕೆಟ್ಟಿತು ಅಂದುಕೊಂಡು ಒಂದು ಸಂಜೆ ಪೂರ್ತಿ ಕಳೆದೆ. ಎಲ್‌ಸಿಡಿ ಪ್ರೊಜೆಕ್ಟರ್‌ನಿಂದ ಬರುವ ಬೆಳಕು ಮೊದಲೇ ಪೋಲರೈಸ್ ಆಗಿರುತ್ತದೆ. ನನ್ನದರಲ್ಲಿ ಹಸಿರು ಒಂದು ದಿಕ್ಕಿಗೆ, ಕೆಂಪು ಮತ್ತು ನೀಲಿ ಅದಕ್ಕೆ ಅಡ್ಡ ದಿಕ್ಕಿಗೆ ಇದ್ದವು. ಫಿಲ್ಟರ್ ಅನ್ನು ಸರಿಯಾಗಿ 45 ಡಿಗ್ರಿ ಓರೆ ಮಾಡಿದ ಕೂಡಲೇ ಮೂರೂ ಬಣ್ಣ ಸಮನಾಗಿ ಬಂದವು. ಬೆಳಕು ಮಾತ್ರ ಅರ್ಧಕ್ಕಿಂತ ಕಡಿಮೆ ಆಯಿತು. ಹಾಗಾಗಿ ಕೋಣೆ ಪೂರ್ತಿ ಕತ್ತಲಿರಬೇಕು. ತಲೆ ವಾಲಿಸಿದರೆ ಪಕ್ಕದಲ್ಲಿ ನೆರಳಿನಂಥ ಇನ್ನೊಂದು ಚಿತ್ರವೂ ಇಣುಕುತ್ತದೆ. ಕಂಪನದ ದಿಕ್ಕು ಸುತ್ತುತ್ತಲೇ ಇರುವ ವೃತ್ತಾಕಾರದ ಪೋಲರೈಸೇಶನ್‌ನ ಕನ್ನಡಕದಲ್ಲಿ ಈ ಕಾಟ ತುಂಬಾ ಕಡಿಮೆ.

ಪರದೆ ದೊಡ್ಡದಾದಾಗ ಇನ್ನೊಂದು ಲೆಕ್ಕ ಎದುರಾಗುತ್ತದೆ. ನನ್ನ ಒಂದು ಜೋಡಿಯಲ್ಲಿ ದೂರದ ಮರದ ಎರಡು ಬಿಂಬಗಳ ನಡುವೆ 60 ಪಿಕ್ಸೆಲ್ ಅಂತರ ಇತ್ತು. ಅರ್ಧ ಮೀಟರ್ ಅಗಲದ ಮಾನಿಟರ್ ಮೇಲೆ ಅದು ಸುಮಾರು 16 ಮಿಲಿಮೀಟರ್, ನೋಡಲು ಹಿತವಾಗಿತ್ತು. ಅದೇ 1920 ಪಿಕ್ಸೆಲ್ ಚಿತ್ರವನ್ನು 4 ಮೀಟರ್ ಅಗಲದ ಪರದೆಗೆ ಹಿಗ್ಗಿಸಿದರೆ 125 ಮಿಲಿಮೀಟರ್ ಆಗುತ್ತದೆ. ಅಂದರೆ ಎರಡು ಕಣ್ಣೂ ಹೊರಕ್ಕೆ ತಿರುಗಬೇಕು. ಕಣ್ಣಿಗೆ ಅದು ರೂಢಿಯಲ್ಲೇ ಇಲ್ಲ. ಪರದೆಯ ಮೇಲಿನ ಅಂತರ ಕಣ್ಣುಗಳ ನಡುವಿನ ಅಂತರವನ್ನು ದಾಟಬಾರದು. ಈಗ ಪರದೆ ಎಷ್ಟು ಅಗಲ ಎಂದು ಕೇಳದೆ ನಾನು ಯಾವ ಚಿತ್ರವನ್ನೂ ಸಿದ್ಧ ಮಾಡುವುದಿಲ್ಲ.

ಉಳಿದ ಬಗೆಗಳಲ್ಲಿ ನಾನು ಅಷ್ಟು ದೂರ ಹೋಗಿಲ್ಲ. ಶಟರ್ ಕನ್ನಡಕದಲ್ಲಿ ಪರದೆ ಸೆಕೆಂಡಿಗೆ 120 ಚಿತ್ರ ತೋರಿಸುತ್ತದೆ, ಒಂದೊಂದು ಕಣ್ಣಿಗೆ 60. ಎಡ ಚಿತ್ರ ಬಂದಾಗ ಬಲಗಾಜು ಕಪ್ಪಾಗುತ್ತದೆ. ಕನ್ನಡಕವಿಲ್ಲದೆ ನೋಡುವ ಬಗೆಯೂ ಇದೆ. 2011ರಲ್ಲಿ ಬಂದ ನಿಂಟೆಂಡೊ ತ್ರೀಡಿಎಸ್ ಅನ್ನುವ ಕೈಯಲ್ಲಿ ಹಿಡಿದು ಆಡುವ ಗೇಮ್ ಸಾಧನದಲ್ಲಿ ಪಟ್ಟಿಪಟ್ಟಿಯ ತಡೆ ಎರಡು ಕಣ್ಣಿನ ದಾರಿಯನ್ನೂ ಬೇರೆ ಮಾಡುತ್ತಿತ್ತು. ನಾನು ಗೆರೆಗೆರೆ ಮಸೂರದ ಪ್ಲಾಸ್ಟಿಕ್ ಹಾಳೆಯಲ್ಲಿ ಮಾಡಿದ್ದೇನೆ. ಹಾಳೆಯ ಮೇಲೆ ಇಂಚಿಗೆ 60 ಗೆರೆ ಎಂದು ಬರೆದಿದ್ದರೂ ಅದನ್ನೇ ನಂಬಬಾರದು. ಮೊದಲು ಪರೀಕ್ಷೆಯ ಪಟ್ಟಿ ಮುದ್ರಿಸಿ, ನಿಜವಾದ ಲೆಕ್ಕ ಹಿಡಿಯಬೇಕು. ಇಲ್ಲದಿದ್ದರೆ ಚಿತ್ರದ ಮೇಲೆ ಅಲೆಅಲೆಯಾಗಿ ಪಟ್ಟೆ ಓಡುತ್ತದೆ. ತಲೆಗೆ ಕಟ್ಟುವ ವಿಆರ್ (ವರ್ಚುವಲ್ ರಿಯಾಲಿಟಿ) ಸಾಧನದಲ್ಲಿ ಎಡ ಬಲ ಬೆರೆಯುವ ತೊಂದರೆ ಹೆಚ್ಚುಕಡಿಮೆ ಇಲ್ಲ. ಆದರೆ ಅದರ ಮಸೂರ ಒಂದೇ ದೂರಕ್ಕೆ ನಿಂತಿರುತ್ತದೆ. ಮೂಗಿನ ಹತ್ತಿರ ವಸ್ತು ತೋರಿಸಿದರೆ ಕಣ್ಣು ಒಳಕ್ಕೆ ತಿರುಗುತ್ತದೆ, ಫೋಕಸ್ ಮಾತ್ರ ದೂರದಲ್ಲೇ ಇರಬೇಕು. ಈ ಎಳೆದಾಟವೇ ಆಯಾಸ ತರುತ್ತದೆ.

ಇದೆಲ್ಲ ಎಲ್ಲಿ ಉಪಯೋಗ? ದೂರದ ಬೆಟ್ಟದ ನೋಟಕ್ಕೆ ಇದರಿಂದ ಏನೂ ಸಿಗುವುದಿಲ್ಲ, ಕಣ್ಣಿನ ಅಂತರಕ್ಕೆ ಬೆಟ್ಟ ಚಪ್ಪಟೆಯೇ. ಆಳವೇ ಮಾಹಿತಿ ಆಗಿರುವ ಕಡೆ ಮಾತ್ರ ಇದರ ಬೆಲೆ ಗೊತ್ತಾಗುತ್ತದೆ. ಡಾ ವಿಂಚಿಯಂಥ ಶಸ್ತ್ರಚಿಕಿತ್ಸೆಯ ರೋಬೋಟ್‌ನಲ್ಲಿ ವೈದ್ಯರ ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ಹೋಗುತ್ತದೆ. ಸೂಜಿ ರಕ್ತನಾಳದ ಮುಂದಿದೆಯೋ ಹಿಂದಿದೆಯೋ ಎಂದು ಊಹಿಸುತ್ತಾ ಕೂರುವ ಹಾಗಿಲ್ಲ. 2004ರಲ್ಲಿ ಮಂಗಳದ ಮೇಲೆ ಇಳಿದ ಸ್ಪಿರಿಟ್ ಮತ್ತು ಆಪರ್ಚುನಿಟಿ ರೋವರ್‌ಗಳ ಕಂಬದ ಮೇಲೆ 30 ಸೆಂಟಿಮೀಟರ್ ಅಂತರದಲ್ಲಿ ಎರಡು ಕ್ಯಾಮೆರಾ ಇದ್ದವು. ಕಲ್ಲು ಎಷ್ಟು ದೂರದಲ್ಲಿದೆ ಎಂದು ಆ ಜೋಡಿಯಿಂದಲೇ ತಿಳಿಯಬಹುದಿತ್ತು.

ಭೂವಿಜ್ಞಾನ ಕಲಿಸುವ ಗೆಳತಿಯೊಬ್ಬಳು ಒಮ್ಮೆ ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ ತೋರಿಸುವ ಕನ್ನಡಿಯ ಸ್ಟೀರಿಯೋಸ್ಕೋಪ್ ಕೆಳಗೆ ವಿಮಾನದಿಂದ ತೆಗೆದ ಎರಡು ಫೋಟೋ ಇಟ್ಟು ತೋರಿಸಿದಳು. ಒಂದರ ಹಿಂದೆ ಒಂದು ತೆಗೆದವು, ಅರ್ಧಕ್ಕಿಂತ ಜಾಸ್ತಿ ಭಾಗ ಎರಡರಲ್ಲೂ ಇತ್ತು. ಬರಿಗಣ್ಣಿಗೆ ಬೂದು ಮಚ್ಚೆಗಳು. ಜೋಡಿಯಾಗಿ ನೋಡಿದರೆ ಬೆಟ್ಟಗಳು ನಿಜಕ್ಕಿಂತ ಕಡಿದಾಗಿ ಎದ್ದವು, ಯಾಕೆಂದರೆ ಆ ಎರಡು ನೋಟಗಳ ನಡುವಿನ ಅಂತರ ಬಲು ದೊಡ್ಡದು. ಆ ಹೆಚ್ಚಳದಿಂದಲೇ ಕಾಡಿನ ನಡುವೆ ಸಣ್ಣ ಮೆಟ್ಟಿಲಿನಂಥ ಒಂದು ಏರು ಗೆರೆ ಎಳೆದ ಹಾಗೆ ಕಂಡಿತು. "ನೆಲದ ಮೇಲೆ ನಡೆದಿದ್ದರೆ ಇದನ್ನ ದಾಟಿಯೇ ಹೋಗಿಬಿಡ್ತಿದ್ದೆವು" ಅಂದಳು.

ಎಲ್ಲರಿಗೂ ಇದು ಕಾಣುವುದಿಲ್ಲ. ನನ್ನ ಗೆಳೆಯನೊಬ್ಬನಿಗೆ ಚಿಕ್ಕಂದಿನಿಂದಲೂ ಒಂದು ಕಣ್ಣು ಮಂದ. ಎಲ್ಲರೂ ಕನ್ನಡಕ ಹಾಕಿ ಬೆರಗಾಗುತ್ತಿದ್ದಾಗ ಅವನು ಸುಮ್ಮನೆ ಕೂತಿದ್ದ. ಅವನಿಗಾಗಿ ಆ ಮುಳ್ಳುಪೊದೆಯ ಎರಡು ಚಿತ್ರಗಳನ್ನು ಒಂದರ ಬದಲು ಒಂದು, ಬೇಗ ಬೇಗ ಬರುವ ಹಾಗೆ ಮಾಡಿದೆ. ಪೊದೆ ಆ ಕಡೆ ಈ ಕಡೆ ಓಲಾಡಿತು. ಹತ್ತಿರದ ಕಡ್ಡಿ ಜಾಸ್ತಿ, ದೂರದ್ದು ಕಮ್ಮಿ. ಅವನು ಮುಂದಕ್ಕೆ ಬಗ್ಗಿ ಬೆರಳಿಟ್ಟು ಕೇಳಿದ: "ಈ ದಪ್ಪ ಕಡ್ಡಿ ಹಿಂದಿದೆ, ಅಲ್ವಾ?" ಹೌದು, ಅದು ಹಿಂದೆಯೇ ಇತ್ತು. ಈಗ ಪ್ರತಿ ಜೋಡಿಯ ಜೊತೆಗೂ ಓಲಾಡುವ ಒಂದು ಪ್ರತಿ ಮಾಡಿಟ್ಟುಕೊಳ್ಳುತ್ತೇನೆ.