ಕಂಡದ್ದು ಬೇರೆ, ಕೇಳಿದ್ದು ಬೇರೆ

2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧದ ಪ್ರತಿಭಟನೆ ಹಿಂಸೆಗೆ ತಿರುಗಿ, ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು. ಕರ್ಫ್ಯೂ ಬಂತು, ಮೊಬೈಲ್ ಇಂಟರ್‌ನೆಟ್ ನಿಂತಿತು. ಕರ್ಫ್ಯೂ ಸಡಿಲವಾದ ಮೇಲೆ, ನಡೆದದ್ದೇನೆಂದು ಜನರಿಂದಲೇ ಕೇಳಿ ದಾಖಲಿಸುವ ಸತ್ಯಶೋಧನೆಗೆಂದು ಬಂದರಿನ ಓಣಿಗಳಿಗೆ ಹೋದ ನಾಲ್ಕೈದು ಮಂದಿಯಲ್ಲಿ ನಾನೂ ಒಬ್ಬಳು.

ಮೊದಲ ದಿನವೇ ಎಡವಿದೆ. ಹೇಳಿಕೆ, ಹೆಸರು, ಮನೆಯ ಗುರುತು ಎಲ್ಲವನ್ನೂ ಒಂದೇ ಪುಸ್ತಕದಲ್ಲಿ ಬರೆದುಕೊಂಡೆ. ಸಂಜೆ ದಾರಿಯಲ್ಲಿ ಚೀಲದ ತಪಾಸಣೆಯಾಯಿತು. ಪುಸ್ತಕವನ್ನು ಯಾರೂ ತೆರೆಯಲಿಲ್ಲ, ಆದರೆ ನನ್ನ ಕೈ ನಡುಗಿತು. ಅಂದು ರಾತ್ರಿಯೇ ಹೆಸರುಗಳನ್ನೆಲ್ಲ ಕಿತ್ತು ಸಂಖ್ಯೆ ಹಾಕಿದೆ. ಸಂಖ್ಯೆಗೆ ಹೆಸರು ಹೊಂದಿಸುವ ಹಾಳೆ ಬೇರೆ ಮನೆ ಸೇರಿತು.

ಪ್ರತಿ ಪುಟದಲ್ಲೂ ಎರಡು ಅಂಕಣ ಎಳೆದೆ: ಕಂಡದ್ದು, ಕೇಳಿದ್ದು. ಗುಂಡು ಹಾರಿಸಿದ್ದನ್ನು ಕಿಟಕಿಯಿಂದ ನೋಡಿದೆ ಎಂದು ಮಹಡಿಯ ಮನೆಯ ಹಿರಿಯ ಮಹಿಳೆಯೊಬ್ಬರು ಹೇಳಿದರು. ಅವರ ಬ್ಯಾರಿ ಭಾಷೆಯ ಮಾತನ್ನು ಮೊಮ್ಮಗಳು ಕನ್ನಡಕ್ಕೆ ತರುತ್ತಿದ್ದಳು. ನಾನು ಎದ್ದು ಹೋಗಿ ಅದೇ ಕಿಟಕಿಯಲ್ಲಿ ನಿಂತೆ. ಎದುರಿನ ತಗಡಿನ ಮಾಡು ಅರ್ಧ ರಸ್ತೆಯನ್ನು ಮರೆಮಾಡಿತ್ತು. ಹೇಳಲೋ ಬೇಡವೋ ಎಂದು ಹಿಂಜರಿದು, "ಅಮ್ಮಾ, ಇಲ್ಲಿಂದ ಆ ತಿರುವು ಕಾಣುವುದಿಲ್ಲವಲ್ಲ" ಎಂದೆ. ಅವರು ಬಂದು ಪಕ್ಕದಲ್ಲಿ ನಿಂತು ನೋಡಿದರು. "ಹಾಗಾದರೆ ಶಬ್ದ ಕೇಳಿದೆ ಎಂದೇ ಬರೆ ಮಗಳೇ. ಅದಂತೂ ಕೇಳಿದ್ದೇನೆ." ಎಷ್ಟು ಹೊತ್ತಿಗೆ ಎಂದರೆ ಗಡಿಯಾರದ ಲೆಕ್ಕವಿಲ್ಲ, ಮಧ್ಯಾಹ್ನದ ನಂತರದ ನಮಾಜಿಗೆ ಕರೆಯುವ ಅಸರ್ ಬಾಂಗ್ ಆದ ಮೇಲೆ, ಸೂರ್ಯಾಸ್ತದ ಮಗ್ರಿಬ್‌ಗೆ ಮೊದಲು. ಮಸೀದಿಯ ವೇಳಾಪಟ್ಟಿ ನೋಡಿ ಪಕ್ಕದಲ್ಲಿ ಗಂಟೆ ಬರೆದುಕೊಂಡೆ, ಅವರ ಮಾತನ್ನು ಅಳಿಸಲಿಲ್ಲ.

ಇಂಟರ್‌ನೆಟ್ ಕಡಿತದಿಂದ ಒಂದು ವಿಚಿತ್ರ ಉಪಕಾರವೂ ಆಗಿತ್ತು. ವಾಟ್ಸ್‌ಆ್ಯಪ್‌ನಲ್ಲಿ ಹಾದುಬಂದ ವಿಡಿಯೊ ತೆಗೆದ ಸಮಯ, ಸ್ಥಳದ ವಿವರಗಳನ್ನು ಕಳೆದುಕೊಂಡಿರುತ್ತದೆ. ಕಳುಹಿಸಲಾಗದೆ ಮೂಲ ಕಡತಗಳು ಫೋನ್‌ಗಳಲ್ಲೇ ಉಳಿದಿದ್ದವು. "ಯಾರಿಗೂ ಕಳಿಸಬೇಡಿ, ಅಳಿಸಲೂಬೇಡಿ" ಎಂದು ಹೇಳಿ ಕೇಬಲ್‌ನಲ್ಲಿ ನಕಲು ಮಾಡಿಕೊಂಡೆವು. ಕಲ್ಲು ತೂರಿದ ದೃಶ್ಯಗಳನ್ನೂ ಇಟ್ಟುಕೊಂಡೆವು. ಇದಕ್ಕೆ ನಮ್ಮಲ್ಲೇ ಕೆಲವರು ಮುಖ ಗಂಟಿಕ್ಕಿದರು. ಅವನ್ನು ಬಿಟ್ಟ ವರದಿಗೆ ಕಿಮ್ಮತ್ತಿಲ್ಲ ಎಂಬುದು ನನ್ನ ಹಟವಾಗಿತ್ತು.

ಬಂಧಿತರ ಮನೆಗಳಲ್ಲಿ ಕೇಳುವುದು ಸುಲಭ. ಪೊಲೀಸರು ಬಂಧಿಸುವಾಗ ಏನೇನು ಮಾಡಬೇಕೆಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಪಟ್ಟಿಯೇ ಇದೆ: ಬಂಧನದ ಮೆಮೊ, ಮನೆಯವರಿಗೆ ಸುದ್ದಿ, ವೈದ್ಯಕೀಯ ತಪಾಸಣೆ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರೇ ಎಂಬುದನ್ನೂ ಕೇಳಬೇಕು. ಕಷ್ಟವಾದದ್ದು ಬಂಧನವಾಗದ ಗಾಯಾಳುಗಳದ್ದು. ಆಸ್ಪತ್ರೆಗೆ ಹೋದರೆ ಎಂಎಲ್‌ಸಿ, ಅಂದರೆ ವೈದ್ಯಕೀಯ-ಕಾನೂನು ಪ್ರಕರಣ ಆಗುತ್ತದೆ, ಪೊಲೀಸರಿಗೆ ತಿಳಿಯುತ್ತದೆ, ಎಫ್‌ಐಆರ್‌ನ 'ಅಪರಿಚಿತರು' ಎಂಬಲ್ಲಿ ತಮ್ಮ ಹೆಸರು ಕೂರುತ್ತದೆ ಎಂಬ ಭಯ. ಒಬ್ಬ ಹುಡುಗನ ಮುಂಗೈ ಬಾತು ನೀಲಿಗಟ್ಟಿತ್ತು, ಅರಿಶಿನ ಹಚ್ಚಿದ್ದರು. ಅಳತೆ ತಿಳಿಯಲೆಂದು ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವಿಟ್ಟು, ಮುಖ ಬಾರದಂತೆ ಫೋಟೊ ತೆಗೆದೆ. ತಾನು ಹೇಳುವವರೆಗೆ ಬಳಸಬಾರದು ಎಂದ.

2020ರ ಜನವರಿಯಲ್ಲಿ ನಿವೃತ್ತ ನ್ಯಾಯಮೂರ್ತಿ ವಿ. ಗೋಪಾಲ ಗೌಡರ ನೇತೃತ್ವದ, ಸರ್ಕಾರದ್ದಲ್ಲದ ಜನತಾ ನ್ಯಾಯಮಂಡಳಿ ಮಂಗಳೂರಿಗೆ ಬಂದಾಗ, ಫೋಟೊ ಬಳಸಬಹುದೇ ಎಂದು ಹುಡುಗನನ್ನು ಕೇಳಿದೆ. ಬೇಡ ಎಂದ. ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಲು ಒಂದೇ ವರ್ಷದ ಗಡುವು. ಅದು ಮುಗಿಯುವ ಮುನ್ನ ಮತ್ತೊಮ್ಮೆ ಫೋನ್ ಮಾಡಿದೆ. ತಾಯಿ ಎತ್ತಿದರು. ಅವನು ಲಾಕ್‌ಡೌನ್‌ಗೆ ಮೊದಲೇ ದುಬೈಗೆ ಹೋಗಿದ್ದನಂತೆ. "ಕೈ ಈಗ ಸರಿಯಿದೆ" ಎಂದರು. ಅವನ ಫೋಟೊ ಇಟ್ಟ ಹನ್ನೊಂದನೆಯ ಸಂಖ್ಯೆಯ ಲಕೋಟೆಯನ್ನು ನಾನು ಇನ್ನೂ ತೆರೆದಿಲ್ಲ.