‘ಮಲೆಗಳಲ್ಲಿ ಮದುಮಗಳು’ ಅರ್ಧಕ್ಕೆ ಬಿಟ್ಟವರಿಗೆ

ಕುವೆಂಪು ಅವರ ಈ ಕಾದಂಬರಿ ಕಪಾಟಿನಲ್ಲಿದೆ, ಆದರೆ ಮೊದಲ ನೂರು ಪುಟ ದಾಟೋಕೆ ಆಗಿಲ್ಲ ಅನ್ನೋರು ಒಮ್ಮೆ ಹೀಗೆ ಓದಿ ನೋಡಿ. 1967ರಲ್ಲಿ ಬಂದ ದೊಡ್ಡ ಪುಸ್ತಕ. ಕಥೆ ನಿಧಾನ, ಜನ ಜಾಸ್ತಿ.

ನಾವು ಕೊಡಗಿನವರಿಗೆ ಇದು ಕಷ್ಟವಾಗಬಾರದು. ಹೊಸಬರು ಸಿಕ್ಕರೆ ‘ಯಾವ ಮನೆಯವರು’ ಅಂತಲೇ ಮಾತು ಶುರು ಮಾಡುತ್ತೇವೆ, ಅಲ್ವಾ? ಈ ಕಾದಂಬರಿಗೂ ಅದನ್ನೇ ಕೇಳಿ. ಹೆಸರುಗಳನ್ನು ಬಾಯಿಪಾಠ ಮಾಡಬೇಡಿ, ಮನೆಗಳನ್ನು ಹಿಡಿಯಿರಿ. ಒಂದು ಹಾಳೆಯಲ್ಲಿ ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ ಅಂತ ದೂರ ದೂರ ಬರೆದುಕೊಳ್ಳಿ. ಸಿಂಬಾವಿಯ ಕೆಳಗೆ ಭರಮೈ ಹೆಗ್ಗಡೆ, ಅವರ ಆಳು ಗುತ್ತಿ. ಹೂವಳ್ಳಿಯ ಕೆಳಗೆ ಚಿನ್ನಮ್ಮ, ಕೋಣೂರಿನ ಕೆಳಗೆ ಮುಕುಂದಯ್ಯ. ಗುತ್ತಿ ಮದುವೆಯಾಗಬೇಕೆಂದಿರುವ ತಿಮ್ಮಿ ಬೆಟ್ಟಳ್ಳಿಯವಳು, ಹಾಗಾಗಿ ಸಿಂಬಾವಿಯಿಂದ ಬೆಟ್ಟಳ್ಳಿಗೆ ಪೆನ್ಸಿಲಲ್ಲಿ ಒಂದು ಗೆರೆ ಎಳೆಯಿರಿ. ಹೊಸಬರು ಬಂದಂತೆಲ್ಲ ಅವರವರ ಮನೆಯ ಕೆಳಗೆ ಸೇರಿಸುತ್ತಾ ಹೋಗಿ, ಹಾಳೆ ಗಲೀಜಾದರೂ ಪರವಾಗಿಲ್ಲ, ಪುಸ್ತಕದೊಳಗೇ ಮಡಚಿ ಇಟ್ಟುಕೊಳ್ಳಿ.

ಹೀರೋ ಯಾರು ಅಂತ ಹುಡುಕಬೇಡಿ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಕುವೆಂಪು ಆರಂಭದಲ್ಲೇ ಹೇಳಿಬಿಟ್ಟಿದ್ದಾರೆ. ಹುಲಿಯ ಅನ್ನೋ ನಾಯಿ ಕೂಡ ಅಮುಖ್ಯ ಅಲ್ಲ! ಗುತ್ತಿ ಅದರ ಜೊತೆ ಕಾಡುದಾರಿಯಲ್ಲಿ ನಡೆಯುವಾಗ ‘ಕಥೆ ಯಾವಾಗ ಶುರುವಾಗುತ್ತೆ’ ಅಂತ ಪುಟ ಹಾರಿಸಿದರೆ ಮುಂದೆ ಏನೂ ಹಿಡಿತಕ್ಕೆ ಸಿಗಲ್ಲ, ಯಾಕೆಂದರೆ ಆ ನಡಿಗೆಯೇ ಕಥೆ, ಮನೆಯಿಂದ ಮನೆಗೆ ಸುದ್ದಿ, ಜಗಳ, ಆಸೆ ಎಲ್ಲಾ ಹೋಗೋದು ಆ ದಾರಿಯಲ್ಲೇ.

ಮಾತುಕತೆ ಬಂದಾಗ ಬಾಯಿಬಿಟ್ಟು ಓದಿ. ತೀರ್ಥಹಳ್ಳಿ ಕಡೆಯ ಆಡುಮಾತು ಕಣ್ಣಿಗೆ ತೊಡಕು, ಕಿವಿಗೆ ಅಲ್ಲ. ಒಂದೊಂದು ಪದಕ್ಕೂ ನಿಘಂಟು ತೆಗೆಯಬೇಡಿ.

ಕಾಫಿ ಕೊಯ್ಲಿನ ಸಮಯದಲ್ಲಂತೂ ಶುರು ಮಾಡಲೇಬೇಡಿ, ಸಂಜೆ ಕಣ್ಣು ಎಳೆಯುತ್ತೆ. ಕಕ್ಕಡ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ನಮ್ಮ ಮಳೆ ತಿಂಗಳು, ಒಳ್ಳೆಯದು. ಹೊರಗೆ ಬಿಡದ ಮಳೆ, ಕರೆಂಟೂ ಇರಲ್ಲ, ಮೊಬೈಲ್ ತಾನಾಗೇ ಮೂಲೆ ಸೇರುತ್ತೆ. ನಾಟಿ ಇದ್ದರೆ ಅದು ಮುಗಿದ ಮೇಲೆ. ದಿನಕ್ಕೆ ಒಂದು ಅಧ್ಯಾಯ ಸಾಕು. ಪುಸ್ತಕವನ್ನು ಮಾತ್ರ ಗೋಡೆಗೆ ತಾಗಿಸಿ ಇಡಬೇಡಿ, ಬೂಸು ಹಿಡಿಯುತ್ತೆ, ಒಲೆಯ ಬಿಸಿ ತಾಗುವ ಕಡೆ ಎತ್ತರದಲ್ಲಿಡಿ.

ನಡುವೆ ವಾರಗಟ್ಟಲೆ ಬಿಟ್ಟುಹೋದರೆ ಮೊದಲಿಂದ ಓದಬೇಕಾಗಿಲ್ಲ. ಹಾಳೆ ಬಿಚ್ಚಿ ನೋಡಿ, ಕೊನೆಗೆ ಓದಿದ ಅಧ್ಯಾಯ ಮತ್ತೊಮ್ಮೆ ಓದಿ, ಮುಂದಕ್ಕೆ ಹೋಗಿ.